ಸೋಮವಾರ ಇಂಗ್ಲೆಂಡ್, ಭಾನುವಾರ ಪೋಲೆಂಡ್: ಟೈ ವಾಫಿಂಡನ್‌ನ 2010

2010ರ ಜನವರಿಯಲ್ಲಿ ರಾಬ್ ವಾಫಿಂಡನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಮಗ, ಸ್ಪೀಡ್‌ವೇ ಅನ್ನುವ ಬೈಕ್ ರೇಸ್‌ನ ರೈಡರ್ ಟೈಗೆ ಆಗ 19 ವರ್ಷ. ಆ ಹೊತ್ತಿಗೆ ಹುಡುಗ ಮೂರು ಕಡೆ ಮಾತು ಕೊಟ್ಟಾಗಿತ್ತು. ಇಂಗ್ಲೆಂಡ್‌ನಲ್ಲಿ ವುಲ್ವರ್‌ಹ್ಯಾಂಪ್ಟನ್ ಕ್ಲಬ್. ಪೋಲೆಂಡ್‌ನಲ್ಲಿ ಚೆನ್‌ಸ್ತೊಹೋವಾ ಕ್ಲಬ್. ಇವೆರಡರ ಮೇಲೆ ವಿಶ್ವ ಚಾಂಪಿಯನ್‌ಶಿಪ್, ಅಂದರೆ ಸ್ಪೀಡ್‌ವೇ ಗ್ರ್ಯಾನ್ ಪ್ರಿ, ಇಡೀ ಸೀಸನ್‌ಗೆ. ಸೀಸನ್ ಶುರುವಾಗಲು ಎರಡೇ ತಿಂಗಳು ಬಾಕಿ ಇತ್ತು. ಅಪ್ಪನಿಗೋಸ್ಕರ ಯಾವ ಲೀಗೂ ಒಂದು ವಾರ ಮುಂದಕ್ಕೆ ಹೋಗುವುದಿಲ್ಲ, ಅಲ್ವಾ?

ಆ ವರ್ಷ ಅವನಿಗೆ ಕೆಟ್ಟದಾಗಿ ಹೋಯಿತು. ಗ್ರ್ಯಾನ್ ಪ್ರಿ ಪಟ್ಟಿಯ ತಳದ ಸಾಲುಗಳಲ್ಲಿ ಮುಗಿಸಿದ, ಮುಂದಿನ ವರ್ಷಕ್ಕೆ ಜಾಗವೂ ಹೋಯಿತು. ಮೂರು ವರ್ಷದ ನಂತರ ಅದೇ ಹುಡುಗ ವಿಶ್ವ ಚಾಂಪಿಯನ್. ನಡುವೆ ಏನು ಬದಲಾಯಿತು ಅನ್ನುವುದೇ ಈ ಪ್ರಕರಣ. "ಎಳೆ ವಯಸ್ಸು, ಅನುಭವ ಇರಲಿಲ್ಲ" ಅಂತ ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸಾಕಾಗುವುದಿಲ್ಲ.

ಈ ಆಟ ನೋಡದವರಿಗೆ ಮೊದಲು ಸ್ವಲ್ಪ ಹೇಳುತ್ತೇನೆ. ಮೊಟ್ಟೆಯಾಕಾರದ ಸಣ್ಣ ಟ್ರ್ಯಾಕ್, ಮೇಲೆ ಸಡಿಲವಾದ ಜಲ್ಲಿಪುಡಿ. ಒಂದು ಸಲಕ್ಕೆ ನಾಲ್ಕು ಬೈಕ್, ನಾಲ್ಕು ಸುತ್ತು, ಎಡಕ್ಕೆ ಮಾತ್ರ ತಿರುವು. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಬೈಕ್ 500 ಸಿಸಿ, ಇಂಧನ ಮೆಥನಾಲ್, ಗೇರ್ ಒಂದೇ, ಬ್ರೇಕ್ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂಚಕ್ರ ಜಾರಿಸಿಕೊಂಡೇ ಹೋಗಬೇಕು, ಜಾರುವಿಕೆಯೇ ಇಲ್ಲಿ ಹಿಡಿತ. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಲೀಗ್ ಪಂದ್ಯದಲ್ಲಿ ಇಂಥ 15 ಹೀಟ್ ಇರುತ್ತವೆ. ಒಂದು ತಂಡದಿಂದ ಇಬ್ಬರು, ಎದುರು ತಂಡದಿಂದ ಇಬ್ಬರು.

ಕ್ರಿಕೆಟ್ ನೋಡುವ ನಮಗೆ ಒಬ್ಬ ಆಟಗಾರ ನಾಲ್ಕೈದು ದೇಶದ ಲೀಗ್‌ನಲ್ಲಿ ಆಡುವುದು ಹೊಸದೇನಲ್ಲ. ಆದರೆ ಅಲ್ಲಿ ಐಪಿಎಲ್ ಮುಗಿದ ಮೇಲೆ ಇನ್ನೊಂದು, ಅದು ಮುಗಿದ ಮೇಲೆ ಮತ್ತೊಂದು. ಸ್ಪೀಡ್‌ವೇಯಲ್ಲಿ ಹಾಗಿಲ್ಲ. ಎಲ್ಲ ಲೀಗೂ ಒಂದೇ ಕಾಲಕ್ಕೆ, ವಸಂತದಿಂದ ಅಕ್ಟೋಬರ್‌ವರೆಗೆ, ಒಂದೇ ವಾರದೊಳಗೆ ನಡೆಯುತ್ತವೆ. ಒಬ್ಬನೇ ರೈಡರ್ ಇಷ್ಟು ದೇಶಗಳಲ್ಲಿ ಓಡಿಸುವುದು ಸಾಧ್ಯವಾಗಿರುವುದು ವಾರದ ದಿನಗಳನ್ನು ದೇಶಗಳು ಹಂಚಿಕೊಂಡಿರುವುದರಿಂದ. 2010ರಲ್ಲಿ ಪೋಲೆಂಡ್‌ಗೆ ಭಾನುವಾರ. ಸ್ವೀಡನ್‌ಗೆ ಮಂಗಳವಾರ. ಡೆನ್ಮಾರ್ಕ್‌ಗೆ ಬುಧವಾರ. ಗ್ರ್ಯಾನ್ ಪ್ರಿಗೆ ಶನಿವಾರ. ಇಂಗ್ಲೆಂಡ್ ಮಾತ್ರ ಬೇರೆ ತರಹ. ಅಲ್ಲಿ ಪ್ರತಿ ಕ್ಲಬ್‌ಗೂ ತನ್ನದೇ ಒಂದು ರಾತ್ರಿ. ವುಲ್ವರ್‌ಹ್ಯಾಂಪ್ಟನ್ ತನ್ನ ಮನೆಯಂಗಳವಾದ ಮನ್‌ಮೋರ್ ಗ್ರೀನ್‌ನಲ್ಲಿ ಸೋಮವಾರ ಓಡಿಸುತ್ತಿತ್ತು. ಎದುರಾಳಿಯ ಊರಿಗೆ ಹೋಗುವಾಗ ಅವರ ರಾತ್ರಿ: ಪೂಲ್ ಅಂದರೆ ಬುಧವಾರ, ಸ್ವಿಂಡನ್ ಅಥವಾ ಇಪ್ಸ್‌ವಿಚ್ ಅಂದರೆ ಗುರುವಾರ, ಕೊವೆಂಟ್ರಿ ಅಂದರೆ ಶುಕ್ರವಾರ.

ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಏಳು ದಿನ, ಏಳು ಚೌಕ, ತುಂಬಿಸುತ್ತಾ ಹೋದರೆ ಆಯಿತು.

ಗ್ರ್ಯಾನ್ ಪ್ರಿ ಇರುವ ಒಂದು ವಾರವನ್ನು ನಿಜವಾಗಿ ನಡೆದು ನೋಡೋಣ. ಶನಿವಾರ ಪ್ರಾಗ್‌ನಲ್ಲಿ ರೇಸ್ ಅಂದುಕೊಳ್ಳಿ. ಶುಕ್ರವಾರವೇ ಅಲ್ಲಿ ಅಭ್ಯಾಸ, ಹಾಗಾಗಿ ಗುರುವಾರ ರಾತ್ರಿ ಇಪ್ಸ್‌ವಿಚ್‌ನಲ್ಲಿ ಪಂದ್ಯ ಮುಗಿದ ಕೂಡಲೇ ಹೊರಡಬೇಕು. ಶನಿವಾರ ರಾತ್ರಿ ರೇಸ್ ಮುಗಿಸಿ, ಬೈಕ್ ತೊಳೆದು, ವ್ಯಾನ್ ತುಂಬಿ, ಮಧ್ಯರಾತ್ರಿ ಪ್ರಾಗ್ ಬಿಟ್ಟರೆ ಚೆನ್‌ಸ್ತೊಹೋವಾಗೆ ಐದಾರು ಗಂಟೆಯ ರಸ್ತೆ. ಭಾನುವಾರ ಪೋಲೆಂಡ್‌ನ ಪಂದ್ಯ. ಸೋಮವಾರ ಸಂಜೆ ವುಲ್ವರ್‌ಹ್ಯಾಂಪ್ಟನ್. ಚೆನ್‌ಸ್ತೊಹೋವಾದಿಂದ ವುಲ್ವರ್‌ಹ್ಯಾಂಪ್ಟನ್‌ಗೆ ರಸ್ತೆಯಲ್ಲಿ ಸುಮಾರು 1,800 ಕಿಲೋಮೀಟರ್, ನಡುವೆ ಸಮುದ್ರ. ಪಂದ್ಯ ಮುಗಿಸಿ ವ್ಯಾನ್‌ನಲ್ಲಿ ಬಂದು ಸಮಯಕ್ಕೆ ಸೇರುವ ಮಾತೇ ಇಲ್ಲ. ವಿಮಾನ ಹಿಡಿಯಬೇಕು, ಅಂದರೆ ಬೈಕ್‌ಗಳು ಅಲ್ಲೇ ಉಳಿಯುತ್ತವೆ. ಹಾಗಾಗಿ ಇಂಗ್ಲೆಂಡ್‌ನಲ್ಲಿ ಒಂದು ಸೆಟ್ ಬೈಕ್, ಒಂದು ವ್ಯಾನ್, ಒಬ್ಬ ಮೆಕ್ಯಾನಿಕ್. ಪೋಲೆಂಡ್‌ನಲ್ಲಿ ಇನ್ನೊಂದು ಸೆಟ್, ಇನ್ನೊಂದು ವ್ಯಾನ್, ಇನ್ನೊಬ್ಬ ಮೆಕ್ಯಾನಿಕ್. ಗ್ರ್ಯಾನ್ ಪ್ರಿಗೆ ಅತ್ಯುತ್ತಮ ಎಂಜಿನ್‌ಗಳು ಬೇರೆ. ರೈಡರ್ ಮಾತ್ರ ಒಬ್ಬನೇ, ಬೆನ್ನಿಗೊಂದು ಬ್ಯಾಗ್, ಅದರಲ್ಲಿ ಹೆಲ್ಮೆಟ್, ಬೂಟು. ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ, ತಿರುವಿನಲ್ಲಿ ನೆಲಕ್ಕೆ ಊರುವುದಕ್ಕೆ.

ಇದು ಎಲ್ಲವೂ ಸರಿಯಾಗಿ ನಡೆದಾಗಿನ ಕಥೆ. ಮಳೆ ಬಂದರೆ? ಸ್ಪೀಡ್‌ವೇ ಪಂದ್ಯಗಳು ಮಳೆಗೆ ಸುಲಭವಾಗಿ ರದ್ದಾಗುತ್ತವೆ. ರದ್ದಾದ ಪಂದ್ಯ ಮತ್ತೊಂದು ದಿನಕ್ಕೆ ಹೋಗುತ್ತದೆ, ಆ ದಿನ ಇನ್ನೊಂದು ದೇಶದ್ದಾಗಿರುತ್ತದೆ. ಆಗ ಯಾರಿಗೆ "ಬರಲ್ಲ" ಅನ್ನಬೇಕು ಅನ್ನುವುದನ್ನು 19ರ ಹುಡುಗ ಫೋನಿನಲ್ಲಿ ನಿರ್ಧರಿಸಬೇಕು. ಈ "ಬರಲ್ಲ" ಅನ್ನುವ ಒಂದು ಮಾತಿನ ಹತ್ತಿರ ನಾನು ಮತ್ತೆ ಬರುತ್ತೇನೆ.

2010ರ ಏಪ್ರಿಲ್ ಅಂತೂ ಈ ಲೆಕ್ಕಾಚಾರವನ್ನೆಲ್ಲ ಬುಡಮೇಲು ಮಾಡಿತು. ಏಪ್ರಿಲ್ 10ರಂದು ಪೋಲೆಂಡ್‌ನ ಅಧ್ಯಕ್ಷರ ವಿಮಾನ ಸ್ಮೊಲೆನ್ಸ್ಕ್ ಬಳಿ ಬಿತ್ತು. ದೇಶವೇ ಶೋಕದಲ್ಲಿತ್ತು, ಆಟಗಳನ್ನು ಮುಂದೂಡಿದರು. ಅದಾಗಿ ಐದು ದಿನಕ್ಕೆ ಐಸ್‌ಲ್ಯಾಂಡ್‌ನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶ ಮುಚ್ಚಿತು, ಬ್ರಿಟನ್‌ನಿಂದ ಸುಮಾರು ಒಂದು ವಾರ ವಿಮಾನವೇ ಹಾರಲಿಲ್ಲ. ಗ್ರ್ಯಾನ್ ಪ್ರಿಯ ಮೊದಲ ಸುತ್ತು ಏಪ್ರಿಲ್ 24ಕ್ಕೆ ಪೋಲೆಂಡ್‌ನ ಲೆಶ್ನೊದಲ್ಲಿತ್ತು. ಹತ್ತು ವರ್ಷ ಈ ಕೆಲಸ ಮಾಡಿದ ರೈಡರ್‌ಗಳಿಗೆ ಇಂಥ ಹೊತ್ತಿನಲ್ಲಿ ಯಾರನ್ನು ಕೇಳಬೇಕು, ಯಾವ ಹಡಗು ಹಿಡಿಯಬೇಕು, ಯಾವ ಪಂದ್ಯ ಬಿಟ್ಟರೆ ಯಾರೂ ಬೇಸರ ಮಾಡುವುದಿಲ್ಲ ಅಂತ ಗೊತ್ತಿರುತ್ತದೆ. ಮೊದಲ ಸಲ ಬಂದವನಿಗೆ ಅದನ್ನು ಹೇಳಿಕೊಡುವವರು ಬೇಕು.

ಟೈಗೆ ಹೇಳಿಕೊಡುತ್ತಿದ್ದವರು ಅಪ್ಪ. ರಾಬ್ ಸ್ವತಃ ಹಳೆಯ ಸ್ಪೀಡ್‌ವೇ ರೈಡರ್. ಟೈ ಹುಟ್ಟಿದ್ದು ಇಂಗ್ಲೆಂಡ್‌ನ ಸ್ಕಂಥಾರ್ಪ್‌ನಲ್ಲಿ, 1990ರ ಆಗಸ್ಟ್ 10ರಂದು. ಅವನು ಚಿಕ್ಕವನಿದ್ದಾಗಲೇ ಕುಟುಂಬ ಆಸ್ಟ್ರೇಲಿಯಾದ ಪರ್ತ್‌ಗೆ ಹೋಯಿತು. ಬೈಕ್ ಕಲಿತದ್ದು ಅಲ್ಲಿ. 2006ರಲ್ಲಿ, ಮಗನಿಗೆ ಇನ್ನೂ 16 ತುಂಬುವ ಮೊದಲೇ, ಅಪ್ಪ ಅಮ್ಮ ಅವನನ್ನು ಕರೆದುಕೊಂಡು ಇಂಗ್ಲೆಂಡ್‌ಗೆ ವಾಪಸ್ ಬಂದರು. ಸ್ಕಂಥಾರ್ಪ್‌ನ ಟ್ರ್ಯಾಕ್‌ನಲ್ಲೇ ಒಂದು ಕ್ಯಾರವಾನ್‌ನಲ್ಲಿ ಉಳಿದುಕೊಂಡರು. ಮಗನ ರೇಸಿಂಗ್‌ಗೋಸ್ಕರ ಇಡೀ ಮನೆ ಗಾಲಿಯ ಮೇಲೆ ಬಂದಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸ್ಪೀಡ್‌ವೇಯಲ್ಲಿ ಎಳೆಯ ರೈಡರ್‌ನ "ಮ್ಯಾನೇಜ್‌ಮೆಂಟ್" ಅಂದರೆ ಬಹುಪಾಲು ಇದೇ. ಅಪ್ಪ ವ್ಯಾನ್ ಓಡಿಸುತ್ತಾನೆ, ಬೈಕ್ ಬಿಚ್ಚಿ ಜೋಡಿಸುತ್ತಾನೆ, ಕ್ಲಬ್‌ನವರ ಹತ್ತಿರ ದುಡ್ಡಿನ ಮಾತಾಡುತ್ತಾನೆ. ಅಮ್ಮ ಟಿಕೆಟ್ಟು, ಊಟ, ಬಟ್ಟೆ, ಬಿಲ್ಲು ನೋಡುತ್ತಾಳೆ. ಹುಡುಗ ಬೈಕ್ ಓಡಿಸಿದರೆ ಸಾಕು.

ಆಮೇಲಿನ ಏರಿಕೆ ಬಹಳ ಬೇಗ ಆಯಿತು. ಮೂರನೇ ದರ್ಜೆಯಲ್ಲಿ ಸ್ಕಂಥಾರ್ಪ್, ಎರಡನೇ ದರ್ಜೆಯಲ್ಲಿ ರೈ ಹೌಸ್, ಅಲ್ಲಿಂದ ಮೇಲಿನ ದರ್ಜೆಯ ವುಲ್ವರ್‌ಹ್ಯಾಂಪ್ಟನ್. ಬ್ರಿಟನ್‌ನಲ್ಲಿ ಎರಡು ದರ್ಜೆಯಲ್ಲಿ ಒಟ್ಟಿಗೆ ಓಡಿಸಲು ಅವಕಾಶ ಇದೆ, ಎಳೆಯರು ಹಾಗೆಯೇ ಮೇಲೆ ಬರುತ್ತಾರೆ. ಅಷ್ಟರೊಳಗೆ ಪೋಲೆಂಡ್‌ನ ಕರೆಯೂ ಬಂದಿತ್ತು. 2009ರಲ್ಲಿ ವುಲ್ವರ್‌ಹ್ಯಾಂಪ್ಟನ್ ಬ್ರಿಟನ್‌ನ ಮೇಲಿನ ದರ್ಜೆಯಾದ ಎಲೀಟ್ ಲೀಗ್ ಗೆದ್ದಿತು, ಟೈ ಆ ತಂಡದಲ್ಲಿದ್ದ. ಸೀಸನ್ ಮುಗಿದ ಮೇಲೆ ಗ್ರ್ಯಾನ್ ಪ್ರಿಯವರು 2010ಕ್ಕೆ ವೈಲ್ಡ್ ಕಾರ್ಡ್ ಕೊಟ್ಟರು. ಹಿಂದಿನ ವರ್ಷವಷ್ಟೇ ರಷ್ಯಾದ ಎಮಿಲ್ ಸೈಫುತ್ದಿನೊವ್ 19ರ ವಯಸ್ಸಿಗೇ ಗ್ರ್ಯಾನ್ ಪ್ರಿಗೆ ಬಂದು ಮೊದಲ ಸೀಸನ್‌ನಲ್ಲೇ ಮೂರನೆಯವನಾಗಿದ್ದ. ಎಳೆಯರ ಮೇಲೆ ಎಲ್ಲರಿಗೂ ಆಸೆ ಹುಟ್ಟಿದ್ದ ಕಾಲ ಅದು.

ಬೇಡ ಅನ್ನಬಹುದಿತ್ತಲ್ಲ ಅಂತ ಈಗ ಕೇಳುವುದು ಸುಲಭ. ಆದರೆ ಯಾವುದನ್ನು ಬೇಡ ಅನ್ನುವುದು? ಒಂದೊಂದನ್ನೇ ನೋಡಿದರೆ ಯಾವುದನ್ನೂ ಬಿಡುವ ಹಾಗಿಲ್ಲ.

ಪೋಲೆಂಡ್ ಬಿಡುವ ಹಾಗಿಲ್ಲ, ಏಕೆಂದರೆ ದುಡ್ಡು ಇರುವುದು ಅಲ್ಲಿ. ಅಲ್ಲಿ ಈ ಆಟಕ್ಕೆ ಜುಜೆಲ್ ಅನ್ನುತ್ತಾರೆ. ದೊಡ್ಡ ಸ್ಟೇಡಿಯಂಗಳು ತುಂಬುತ್ತವೆ, ಊರಿಗೆ ಊರೇ ಭಾನುವಾರ ಅಲ್ಲಿರುತ್ತದೆ. ಸಹಿ ಹಾಕಿದ್ದಕ್ಕೆ ಒಂದು ಮೊತ್ತ, ಆಮೇಲೆ ಗಳಿಸಿದ ಪ್ರತಿ ಪಾಯಿಂಟ್‌ಗೆ ಇಷ್ಟು ಅಂತ ಕೊಡುತ್ತಾರೆ. ಗಮನಿಸಿ, ಪಾಯಿಂಟ್‌ಗೆ. ಸಂಬಳ ಅನ್ನುವುದು ಇಲ್ಲ. ಬೈಕ್, ಎಂಜಿನ್, ಟೈರ್, ವ್ಯಾನ್, ಮೆಕ್ಯಾನಿಕ್‌ನ ಕೂಲಿ ಎಲ್ಲ ರೈಡರ್‌ನ ಜೇಬಿನಿಂದ. ಎಂಜಿನ್ ಕೆಲವೇ ಪಂದ್ಯ ಓಡಿದ ಮೇಲೆ ಟ್ಯೂನರ್ ಹತ್ತಿರ ಬಿಚ್ಚಿ ಕಟ್ಟಿಸಬೇಕು. ಸೊನ್ನೆ ಪಾಯಿಂಟ್ ತಂದ ಭಾನುವಾರವೂ ಖರ್ಚು ಅಷ್ಟೇ. ಅಂದರೆ ಫಾರ್ಮ್ ಕೈಕೊಟ್ಟ ರೈಡರ್‌ಗೆ ಎಂಜಿನ್ ಸರಿಮಾಡಿಸಲು ದುಡ್ಡು ಬೇಕಾದ ಹೊತ್ತಿಗೇ ದುಡ್ಡು ನಿಂತುಹೋಗುತ್ತದೆ. ಆಗ ಅವನು ಏನು ಮಾಡುತ್ತಾನೆ? ಇನ್ನೂ ಜಾಸ್ತಿ ಪಂದ್ಯ ಒಪ್ಪಿಕೊಳ್ಳುತ್ತಾನೆ. ಸುಸ್ತಾಗಿ ಪಾಯಿಂಟ್ ಕಡಿಮೆಯಾದವನು ಪಾಯಿಂಟ್‌ಗೋಸ್ಕರ ಇನ್ನಷ್ಟು ಓಡುತ್ತಾನೆ. ಈ ಸುಳಿಯಿಂದ ಹೊರಗೆ ಬರುವುದು ಎಷ್ಟು ಕಷ್ಟ ಅಂತ ದಿನಗೂಲಿ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡ್ ಬಿಡುವ ಹಾಗಿಲ್ಲ, ಏಕೆಂದರೆ ಕಲಿಯುವುದು ಅಲ್ಲಿ. ಪೋಲೆಂಡ್‌ನಲ್ಲಿ ವಾರಕ್ಕೊಂದು ಪಂದ್ಯ, ಇಂಗ್ಲೆಂಡ್‌ನಲ್ಲಿ ವಾರಕ್ಕೆ ಎರಡೂ ಆಗಬಹುದು. ಟ್ರ್ಯಾಕ್‌ಗಳು ಸಣ್ಣವು, ಒಂದೊಂದು ಒಂದೊಂದು ತರಹ, ತಿರುವುಗಳು ಇಕ್ಕಟ್ಟು. ಬೈಕ್ ಮೇಲಿನ ಹಿಡಿತ ಅಲ್ಲಿ ಬರುತ್ತದೆ. ಜೊತೆಗೆ ಅವನನ್ನು ಬೆಳೆಸಿದ ಜನ ಅಲ್ಲಿದ್ದಾರೆ. ಆದರೆ ಅಲ್ಲೂ ಒಂದು ತೊಡಕಿದೆ. ಬ್ರಿಟನ್‌ನಲ್ಲಿ ಪ್ರತಿ ರೈಡರ್‌ಗೂ ಒಂದು ಸರಾಸರಿ ಅಂಕ ಇರುತ್ತದೆ. ತಂಡ ಕಟ್ಟುವಾಗ ಎಲ್ಲರ ಸರಾಸರಿ ಕೂಡಿಸಿದರೆ ನಿಗದಿಯಾದ ಮಿತಿ ದಾಟಬಾರದು. ಚೆನ್ನಾಗಿ ಓಡಿಸಿದಷ್ಟೂ ನೀನು ತಂಡಕ್ಕೆ ಭಾರ. ಇಳಿದರೆ ಅಗ್ಗ, ಆದರೆ ಕೈಗೆ ಬರುವ ಪಾಯಿಂಟ್ ದುಡ್ಡೂ ಕಡಿಮೆ. ಒಬ್ಬ ಬೆಳೆಯುವ ಹುಡುಗನ ಜಾಗ ಪ್ರತಿ ಚಳಿಗಾಲದಲ್ಲಿ ಹೀಗೆ ಕೂಡು-ಕಳೆ ಲೆಕ್ಕದಲ್ಲಿ ನಿರ್ಧಾರವಾಗುತ್ತದೆ.

ಗ್ರ್ಯಾನ್ ಪ್ರಿ ಬಿಡುವ ಹಾಗಂತೂ ಇಲ್ಲವೇ ಇಲ್ಲ. ಕರೆದಾಗ ಹೋಗದಿದ್ದರೆ ಮತ್ತೆ ಕರೆಯುತ್ತಾರೆ ಅನ್ನುವುದಕ್ಕೆ ಏನು ಗ್ಯಾರಂಟಿ?

ಹೀಗೆ ಮೂರೂ ಸರಿಯಾದ ನಿರ್ಧಾರಗಳೇ. ಮೂರೂ ಕೂಡಿದಾಗ ತಪ್ಪಾಯಿತು. ಅಪ್ಪ ಇದ್ದಿದ್ದರೆ ತಪ್ಪಾಗುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಆದರೆ ಈ ಮೂರನ್ನೂ ಹೊರುವ ಮನೆಯ ಆಧಾರಗಂಬವೇ ಸೀಸನ್‌ಗೆ ಎರಡು ತಿಂಗಳು ಮುಂಚೆ ಬಿದ್ದುಹೋಯಿತು ಅನ್ನುವುದಂತೂ ನಿಜ.

2010ರ ಗ್ರ್ಯಾನ್ ಪ್ರಿಯಲ್ಲಿ 11 ಸುತ್ತುಗಳಿದ್ದವು. ಲೆಶ್ನೊ, ಗೊಥೆನ್‌ಬರ್ಗ್, ಪ್ರಾಗ್, ಕೋಪನ್‌ಹೇಗನ್, ತೊರುನ್, ಕಾರ್ಡಿಫ್, ಹೀಗೆ ಸಾಗಿ ಅಕ್ಟೋಬರ್‌ನಲ್ಲಿ ಬಿದ್ಗೊಶ್ಚ್‌ವರೆಗೆ. ಒಂದೊಂದು ಸುತ್ತಿನಲ್ಲೂ 16 ರೈಡರ್‌ಗಳು, ಪ್ರತಿಯೊಬ್ಬನಿಗೂ ಐದು ಹೀಟ್, ಅದರಲ್ಲಿ ಮೇಲಿನ ಎಂಟು ಜನ ಮಾತ್ರ ಸೆಮಿಫೈನಲ್‌ಗೆ. ಕಾರ್ಡಿಫ್, ಕೋಪನ್‌ಹೇಗನ್, ಗೊಥೆನ್‌ಬರ್ಗ್‌ನಂಥ ಕಡೆ ದೊಡ್ಡ ಸ್ಟೇಡಿಯಂ ಒಳಗೆ ಆ ವಾರಕ್ಕೆಂದೇ ಮಣ್ಣು ಸುರಿದು ಟ್ರ್ಯಾಕ್ ಹಾಸುತ್ತಿದ್ದರು. ಆ ಮಣ್ಣು ಹೇಗೆ ವರ್ತಿಸುತ್ತದೆ ಅಂತ ಮುಂಚೆ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಅನುಭವಿಗಳು ಎರಡು ಹೀಟ್ ಒಳಗೆ ಸ್ಪ್ರಾಕೆಟ್ ಬದಲಿಸಿ, ಕಾರ್ಬ್ಯುರೇಟರ್ ಜೆಟ್ ಬದಲಿಸಿ ದಾರಿ ಕಂಡುಕೊಳ್ಳುತ್ತಾರೆ. ಎಳೆಯನಿಗೆ ನಾಲ್ಕನೇ ಹೀಟ್ ಹೊತ್ತಿಗೆ ಅರ್ಥವಾದರೆ ಅಷ್ಟರಲ್ಲಿ ರಾತ್ರಿ ಮುಗಿದಿರುತ್ತದೆ.

ಆ ವರ್ಷ ಚಾಂಪಿಯನ್ ಆದವನು ಪೋಲೆಂಡ್‌ನ ಟೊಮಾಶ್ ಗೊಲೊಬ್. ಎರಡನೆಯವನು ಯಾರೊಸ್ವಾಫ್ ಹಾಂಪೆಲ್, ಮೂರನೆಯವನು ಆಸ್ಟ್ರೇಲಿಯಾದ ಜೇಸನ್ ಕ್ರಂಪ್. ಗೊಲೊಬ್‌ಗೆ ಆಗ 39. ಅಷ್ಟು ವರ್ಷಗಳಿಂದ ಹಲವು ದೇಶಗಳಲ್ಲಿ ಓಡಿಸಿದ ಮನುಷ್ಯ. ರೇಸ್ ಶುರುವಾಗುವ ಒಂದೇ ಗೇಟಿನಲ್ಲಿ ಪಕ್ಕಪಕ್ಕ ನಿಂತ ಗೊಲೊಬ್‌ಗೂ ಟೈಗೂ ಇದ್ದ ದೊಡ್ಡ ವ್ಯತ್ಯಾಸ ಬಲಗೈಯ ಥ್ರಾಟಲ್‌ನಲ್ಲಿತ್ತು ಅಂತ ನನಗೆ ಅನಿಸುವುದಿಲ್ಲ. ಗೊಲೊಬ್ ಹಿಂದೆ ಒಂದು ವ್ಯವಸ್ಥೆ ಇತ್ತು. ಯಾರು ಟಿಕೆಟ್ ಮಾಡಬೇಕು, ಯಾರು ಎಂಜಿನ್ ತರಬೇಕು, ಯಾವ ದಿನ ಮಲಗಬೇಕು ಅನ್ನುವುದೆಲ್ಲ ವರ್ಷಗಳಿಂದ ಸವೆದು ನಯವಾದ ದಾರಿ. ಟೈ ಆ ದಾರಿಯನ್ನು ರೇಸ್ ಮಾಡುತ್ತಲೇ ಕಡಿಯಬೇಕಿತ್ತು, ಅದೂ ಅಪ್ಪ ಹೋದ ದುಃಖದಲ್ಲಿ.

ಸುಮ್ನೆ ಒಂದು ಸಣ್ಣ ವಿಷಯ ಯೋಚಿಸಿ. ಯುರೋಪಿನಲ್ಲಿ ಬಹಳಷ್ಟು ಕಡೆ 21 ತುಂಬದವರಿಗೆ ಬಾಡಿಗೆ ಕಾರು ಕೊಡುವುದಿಲ್ಲ. ಬ್ರೇಕ್ ಇಲ್ಲದ ಬೈಕ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ಇಳಿಯಬಹುದು, ಆದರೆ ವಿಮಾನ ನಿಲ್ದಾಣದಿಂದ ಸ್ಟೇಡಿಯಂಗೆ ಹೋಗಲು ಒಂದು ಕಾರು ಸಿಗದೇ ಹೋಗಬಹುದು. ಯಾರಾದರೂ ದೊಡ್ಡವರು ಜೊತೆಗಿರಬೇಕು. ಇಂಥ ನೂರು ಸಣ್ಣ ವಿಷಯಗಳು ಸೇರಿಯೇ ವಾರದ ಭಾರ ಆಗುವುದು.

ಈಗ ಆ "ಬರಲ್ಲ" ಅನ್ನುವ ಮಾತಿಗೆ ಬರೋಣ. ಈ ಪ್ರಕರಣದ ಗಂಟು ಇರುವುದೇ ಅಲ್ಲಿ ಅಂತ ನನ್ನ ಅಭಿಪ್ರಾಯ. ರೈಡರ್ ಬರದಿದ್ದರೆ ಕ್ಲಬ್‌ಗಳಿಗೆ ದಾರಿ ಇದೆ. ಬ್ರಿಟನ್‌ನಲ್ಲಿ ಬೇರೆ ಕ್ಲಬ್‌ನ ರೈಡರ್‌ನನ್ನು ಆ ರಾತ್ರಿಗೆ ಅತಿಥಿಯಾಗಿ ತರಬಹುದು, ಇಲ್ಲವೇ ಬರದವನ ಹೀಟ್‌ಗಳನ್ನು ಉಳಿದವರಿಗೆ ಹಂಚಬಹುದು. ಪೋಲೆಂಡ್‌ನಲ್ಲೂ ಹೀಟ್ ಹಂಚುವ ನಿಯಮ ಇದೆ. ಅಂದರೆ ಕ್ಲಬ್ ಬದುಕಿಕೊಳ್ಳುತ್ತದೆ. ಆದರೆ ಈ ನಿಯಮಗಳೆಲ್ಲ ಕ್ಲಬ್‌ನ ಕಡೆಯಿಂದ ಬರೆದವು. ಗಾಯವಾದರೆ ಡಾಕ್ಟರ್ ಚೀಟಿ ಇರುತ್ತದೆ, ರಾಷ್ಟ್ರೀಯ ಒಕ್ಕೂಟ ಕರೆದರೆ ಅದಕ್ಕೆ ಆದ್ಯತೆ ಇರುತ್ತದೆ. "ನನಗೆ ಸುಸ್ತಾಗಿದೆ, ತಲೆ ಓಡುತ್ತಿಲ್ಲ, ಅಪ್ಪ ನೆನಪಾಗುತ್ತಿದ್ದಾರೆ, ಈ ವಾರ ಬೇಡ" ಅನ್ನುವುದಕ್ಕೆ ಯಾವ ಚೀಟಿ ಇದೆ?

ಪ್ರತಿ ಕ್ಲಬ್‌ಗೂ ತನ್ನ ಒಂದು ದಿನ ಮಾತ್ರ ಕಾಣುತ್ತದೆ. ಭಾನುವಾರದವರಿಗೆ ಶನಿವಾರ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಅನ್ನುವುದು ಬೇಕಾಗಿಲ್ಲ, ಸೋಮವಾರದವರಿಗೆ ಭಾನುವಾರ ಬಿದ್ದು ಭುಜ ನೋಯುತ್ತಿದೆ ಅನ್ನುವುದು ಕಾಣುವುದಿಲ್ಲ. ಅವರು ಕೆಟ್ಟವರು ಅಂತ ಅಲ್ಲ. ಅವರ ಟಿಕೆಟ್ ಕೊಂಡು ಬಂದ ಜನ ಅವರ ಮುಂದೆ ಕೂತಿರುತ್ತಾರೆ. ಇಡೀ ವಾರ ಕಾಣುವುದು ಇಬ್ಬರಿಗೆ ಮಾತ್ರ: ರೈಡರ್‌ಗೆ, ಅವನ ಮನೆಯವರಿಗೆ. ಮನೆಯವರ ಪರವಾಗಿ ಗಟ್ಟಿಯಾಗಿ "ಬರಲ್ಲ" ಅನ್ನಬಲ್ಲವರು ಹೋದ ಮೇಲೆ ಆ ಮಾತು 19ರ ಹುಡುಗನ ಬಾಯಿಂದಲೇ ಬರಬೇಕು. ಆ ವಯಸ್ಸಿನಲ್ಲಿ, ಅವಕಾಶ ಕೊಟ್ಟವರಿಗೆ ಇಲ್ಲ ಅನ್ನುವುದು ಯಾರಿಂದ ಆಗುತ್ತದೆ? ನನ್ನಿಂದ ಆಗುತ್ತಿರಲಿಲ್ಲ.

2011, 2012ರಲ್ಲಿ ಟೈ ಗ್ರ್ಯಾನ್ ಪ್ರಿಯಲ್ಲಿ ಇರಲಿಲ್ಲ. ಹೊರಗೆ ಹಾಕಿದ್ದು ಅವಮಾನ ಅಂತ ಆಗ ಅನಿಸಿರಬಹುದು. ಆದರೆ ವಾರದ ದೃಷ್ಟಿಯಿಂದ ನೋಡಿ: 11 ಶುಕ್ರವಾರ, 11 ಶನಿವಾರ ಖಾಲಿಯಾದವು. ಒಂದು ಇಡೀ ಸೆಟ್ ಎಂಜಿನ್‌ನ ಖರ್ಚು ಹೋಯಿತು. ತಾನಾಗಿ ಬಿಡಲಾಗದೇ ಇದ್ದದ್ದನ್ನು ಫಲಿತಾಂಶವೇ ಬಿಡಿಸಿತು. ಸೋಮವಾರದ ವುಲ್ವರ್‌ಹ್ಯಾಂಪ್ಟನ್ ಉಳಿಯಿತು. ಆ ತಂಡದ ಮ್ಯಾನೇಜರ್ ಪೀಟರ್ ಆಡಮ್ಸ್ ದಶಕಗಳಿಂದ ಈ ಆಟ ಕಂಡವರು. ಟೈಗೆ ಮಾರ್ಗದರ್ಶಕರಾಗಿ ನಿಂತವರಲ್ಲಿ ಅವರು ಮುಖ್ಯರು. 2012ರಲ್ಲಿ ಪೋಲೆಂಡ್‌ನ ಕ್ಲಬ್ ವ್ರೊತ್ಸ್ವಾಫ್ ಆಯಿತು. ಅಲ್ಲಿ ಅವನು ಹತ್ತು ವರ್ಷಕ್ಕಿಂತ ಜಾಸ್ತಿ ಉಳಿದ. ಕ್ಲಬ್ ಬದಲಿಸುವುದೇ ರೂಢಿಯಾದ ಆಟದಲ್ಲಿ ಇದು ಸಣ್ಣ ವಿಷಯ ಅಲ್ಲ. ಪ್ರತಿ ವರ್ಷ ಹೊಸ ಊರು, ಹೊಸ ಟ್ರ್ಯಾಕ್, ಹೊಸ ವರ್ಕ್‌ಶಾಪ್ ಹುಡುಕುವ ಕೆಲಸ ತಪ್ಪಿತು. ಮನೆಯಂಗಳದ ಟ್ರ್ಯಾಕ್ ಒಂದೇ ಆದರೆ ವರ್ಷದ ಅರ್ಧ ಪೋಲಿಷ್ ಪಂದ್ಯಗಳಿಗೆ ಬೈಕ್ ಹೇಗೆ ಹೊಂದಿಸಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ.

2013ಕ್ಕೆ ಮತ್ತೆ ವೈಲ್ಡ್ ಕಾರ್ಡ್. ಆ ಸೀಸನ್ ಮಾರ್ಚ್‌ನಲ್ಲಿ ನ್ಯೂಜಿಲ್ಯಾಂಡ್‌ನ ಆಕ್ಲೆಂಡ್‌ನಲ್ಲಿ ಶುರುವಾಯಿತು. ಜೂನ್ 1ರಂದು ಕಾರ್ಡಿಫ್‌ನಲ್ಲಿ, ತನ್ನದೇ ಜನರ ಮುಂದೆ, ಬಿದ್ದು ಕಾಲರ್‌ಬೋನ್ ಮುರಿದುಕೊಂಡ. ಆ ಸೀಸನ್‌ನಲ್ಲಿ ಎರಡು ಸಲ ಮುರಿಯಿತು. ಆದರೂ ಅಕ್ಟೋಬರ್ 5ರಂದು ತೊರುನ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಹಾಂಪೆಲ್ ಎರಡನೆಯವನು, ಡೆನ್ಮಾರ್ಕ್‌ನ ನೀಲ್ಸ್ ಕ್ರಿಸ್ಟಿಯನ್ ಇವರ್ಸನ್ ಮೂರನೆಯವನು. ಬ್ರಿಟನ್‌ಗೆ 2000ದಲ್ಲಿ ಮಾರ್ಕ್ ಲೋರಮ್ ಗೆದ್ದ ನಂತರ ಇದೇ ಮೊದಲ ಪಟ್ಟ. ಟೈಗೆ ಆಗ 23.

ಮೂರು ವರ್ಷದಲ್ಲಿ ಅವನು ಹೆಚ್ಚು ವೇಗದವನಾದ ಅನ್ನುವುದು ನಿಜವೇ. ದೇಹ ಗಟ್ಟಿಯಾಯಿತು, ಎಂಜಿನ್ ಒಳ್ಳೆಯವು ಬಂದವು, ಇದನ್ನೆಲ್ಲ ನಾನು ತಳ್ಳಿಹಾಕುವುದಿಲ್ಲ. ಆದರೆ 2013ರಲ್ಲಿ ಅವನು ದೇಶ ದೇಶ ಸುತ್ತುವುದನ್ನೇನೂ ಬಿಟ್ಟಿರಲಿಲ್ಲ. ವುಲ್ವರ್‌ಹ್ಯಾಂಪ್ಟನ್ ಇತ್ತು, ವ್ರೊತ್ಸ್ವಾಫ್ ಇತ್ತು, ಗ್ರ್ಯಾನ್ ಪ್ರಿ 12 ಸುತ್ತು ಇತ್ತು. ಹೊರೆ ಹೆಚ್ಚುಕಡಿಮೆ ಅಷ್ಟೇ. ಹೊರುವ ಕೈಗಳು ಜಾಸ್ತಿಯಾಗಿದ್ದವು. ಹಾಗಾಗಿ "ಎಳೆಯರು ಹೆಚ್ಚು ಲೀಗ್‌ನಲ್ಲಿ ಆಡಬಾರದು" ಅನ್ನುವ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹುಡುಗನ ಇಡೀ ವಾರವನ್ನು ನೋಡಿ ಇಲ್ಲ ಅನ್ನುವ ಹಕ್ಕಿರುವ ಒಬ್ಬ ದೊಡ್ಡವರು ಇದ್ದಾರಾ ಅಂತ ಕ್ಲಬ್‌ಗಳು ಸಹಿಗೆ ಮುಂಚೆ ಕೇಳಬೇಕು. ಇಲ್ಲದಿದ್ದರೆ ಕ್ಲಬ್‌ಗಳೇ ಒಟ್ಟಿಗೆ ಕೂತು ಅಂಥವರನ್ನು ಗೊತ್ತುಮಾಡಬೇಕು. ಮೂರು ಕಡೆಯವರು ತಿಂಗಳಿಗೊಮ್ಮೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಆಗುವ ಕೆಲಸ ಇದು. ಹುಡುಗನ ಪಾಯಿಂಟ್‌ನಿಂದ ಮೂವರಿಗೂ ಲಾಭ, ಅವನು ಬಿದ್ದರೆ ಮೂವರಿಗೂ ನಷ್ಟ.

ಬೀಳುವುದು ಅಂದರೆ ಏನು ಅನ್ನುವುದನ್ನೂ ಹೇಳಲೇಬೇಕು. ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ ಟೈಗಿಂತ ಎರಡು ವರ್ಷ ಚಿಕ್ಕವನು. 2009, 2010ರಲ್ಲಿ ಸತತವಾಗಿ 21ರೊಳಗಿನವರ ವಿಶ್ವ ಚಾಂಪಿಯನ್. ಅವನೂ ಇಂಗ್ಲೆಂಡ್, ಪೋಲೆಂಡ್ ಅಂತ ಓಡಾಡುತ್ತಲೇ ಬೆಳೆದವನು. 2015ರ ಆಗಸ್ಟ್ 23ರಂದು ಪೋಲೆಂಡ್‌ನ ಜೆಲೊನಾ ಗೂರಾದಲ್ಲಿ, ಪಂದ್ಯದ ಕೊನೆಯ ಹೀಟ್‌ನಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅವನಿಗೆ 23. ಮತ್ತೆ ನಡೆಯಲಾಗಲಿಲ್ಲ. ಅದಕ್ಕೆ ದಣಿವು ಕಾರಣ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ತಪ್ಪು. ಇದು ಒಂದು ಚಕ್ರ ಇನ್ನೊಂದಕ್ಕೆ ತಾಗಿದರೆ ಸಾಕಾಗುವ ಆಟ. ಟೈಗೂ 2025ರ ಮಾರ್ಚ್ 30ರಂದು ಕ್ರೊಸ್ನೊದಲ್ಲಿ, ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯದಲ್ಲಿ, ಭೀಕರ ಅಪಘಾತವಾಗಿ ಹಲವು ಮೂಳೆಗಳು ಮುರಿದವು. ಅವನು ಎಳೆಯನೂ ಅಲ್ಲ, ಅನುಭವ ಕಡಿಮೆ ಇದ್ದವನೂ ಅಲ್ಲ. ಇಂಥ ಆಟದಲ್ಲಿ ನಿದ್ದೆಗೆಟ್ಟ ಹುಡುಗನನ್ನು ಗೇಟಿಗೆ ಕಳಿಸುವುದನ್ನು ಸಣ್ಣ ವಿಷಯ ಅಂತ ಯಾರೂ ಹೇಳಬಾರದು.

ಇವತ್ತಿನ ಎಳೆಯರಿಗೆ ಕೆಲವು ಸುಲಭವಾಗಿವೆ, ಕೆಲವು ಕಷ್ಟವಾಗಿವೆ. ಪೋಲೆಂಡ್‌ನ ಮೇಲಿನ ದರ್ಜೆಯ ಲೀಗ್ ಎಕ್ಸ್ಟ್ರಾಲೀಗ 2021ರಿಂದ ಪ್ರತಿ ತಂಡದಲ್ಲಿ 24ರೊಳಗಿನ ಒಬ್ಬ ರೈಡರ್ ಇರಬೇಕು ಅಂತ ಮಾಡಿತು. ಪೋಲಿಷ್ ಅಲ್ಲದ ಹುಡುಗರಿಗೂ ಅದರಿಂದ ಬಾಗಿಲು ತೆರೆಯಿತು. ಇನ್ನೊಂದು ಕಡೆ, 2010ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಟೈಗೆ ಪೋಲೆಂಡ್‌ನಲ್ಲಿ ಕೆಲಸ ಮಾಡಲು ಪ್ರತ್ಯೇಕ ಅನುಮತಿಯೇ ಬೇಕಿರಲಿಲ್ಲ. ಬ್ರೆಕ್ಸಿಟ್ ಆದ ಮೇಲೆ, 2021ರಿಂದ, ಬ್ರಿಟಿಷ್ ಹುಡುಗನೊಬ್ಬ ಪೋಲೆಂಡ್ ಸೇರಿದಂತೆ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನದಲ್ಲಿ 90 ದಿನ ಮಾತ್ರ ವೀಸಾ ಇಲ್ಲದೆ ಇರಬಹುದು. ಬೈಕ್, ಬಿಡಿಭಾಗ ಗಡಿ ದಾಟಲು ಕಸ್ಟಮ್ಸ್ ಕಾಗದ ಬೇಕು. ರೈಡರ್‌ನ ದಿನಗಳ ಲೆಕ್ಕ ಇಡುವವರ ಕೆಲಸ ಇನ್ನೂ ಹೆಚ್ಚಾಯಿತು.

ಟೈ 2015ರಲ್ಲಿ ಎರಡನೇ ಸಲ, 2018ರಲ್ಲಿ ಮೂರನೇ ಸಲ ವಿಶ್ವ ಚಾಂಪಿಯನ್ ಆದ. ಮೂರು ಸಲ ಗೆದ್ದ ಬ್ರಿಟಿಷ್ ರೈಡರ್ ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. 2018ರ ಹೊತ್ತಿಗೆ ಅವನು ಬ್ರಿಟಿಷ್ ಲೀಗ್‌ನಲ್ಲಿ ಓಡಿಸುತ್ತಿರಲಿಲ್ಲ. ವಾರದ ಆ ರಾತ್ರಿಗಳನ್ನು ತಾನಾಗಿಯೇ ಖಾಲಿ ಇಟ್ಟಿದ್ದ. ಅವನನ್ನು ಬೆಳೆಸಿದ ಲೀಗ್ ಅದು, ಅಲ್ಲಿನ ಅಭಿಮಾನಿಗಳಿಗೆ ನೋವಾಗಿದ್ದು ಸಹಜ, ಆ ನೋವು ನನಗೂ ಅರ್ಥವಾಗುತ್ತದೆ. ಆದರೆ 19ರಲ್ಲಿ ಹೇಳಲಾಗದ ಮಾತನ್ನು ಅವನು ಕೊನೆಗೂ ಹೇಳಿದ್ದ.

2023ರಲ್ಲಿ ವಾಪಸ್ ಬಂದ, ಶೆಫೀಲ್ಡ್ ಕ್ಲಬ್‌ಗೆ. ಅವರ ರಾತ್ರಿ ಗುರುವಾರ. ಆ ವರ್ಷ ಶೆಫೀಲ್ಡ್ ಲೀಗ್ ಗೆದ್ದಿತು. ವುಲ್ವರ್‌ಹ್ಯಾಂಪ್ಟನ್‌ನ ಸೋಮವಾರದ ಮನ್‌ಮೋರ್ ಗ್ರೀನ್‌ಗೆ ಅದೇ ಕೊನೆಯ ಸ್ಪೀಡ್‌ವೇ ಸೀಸನ್.